ಓದುಗರ ಪ್ರಶ್ನೆಗೆ ಉತ್ತರ: ದೇವರ ದುಡ್ಡು ಹುಡುಗರ ಕೈಯಲ್ಲಿ

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವರು. ದ್ವಿತೀಯ ಪಿಯುಸಿ ಓದುತ್ತಿರುವ ಮಗ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚದೆ ತಿಂಡಿ ಮುಟ್ಟುವವನಲ್ಲ. ಶನಿವಾರದ ಭಜನೆಯನ್ನು ತಪ್ಪಿಸಿದ್ದಿಲ್ಲ. ಈ ಸಲ ಊರಿನ ಗಣಪತಿ ಹಬ್ಬಕ್ಕೆ ಚಂದಾ ಎತ್ತುವ ಕೆಲಸವನ್ನು ಯುವಕ ಸಂಘದವರು ಅವನಿಗೂ ಅವನ ಇಬ್ಬರು ಸ್ನೇಹಿತರಿಗೂ ವಹಿಸಿದ್ದರು. ಲೆಕ್ಕ ಒಪ್ಪಿಸುವ ಹೊತ್ತಿಗೆ 3,200 ರೂಪಾಯಿ ಕಡಿಮೆ ಬಂತು. ಕೇಳಿದರೆ, “ಬೈಕಿಗೆ ಪೆಟ್ರೋಲ್ ಹಾಕಿಸಿದೆವು, ಹೋಟೆಲಿನಲ್ಲಿ ಊಟ ಮಾಡಿದೆವು, ಮೊಬೈಲಿಗೆ ಕರೆನ್ಸಿ ಹಾಕಿಸಿಕೊಂಡೆವು, ಎಲ್ಲ ದೇವರ ಕೆಲಸಕ್ಕೇ ಅಲ್ಲವಾ” ಎಂದ. ಮನೆತನದ ಹೆಸರು ಕೆಡಬಾರದೆಂದು ಅವನ ಅಪ್ಪ ಯಾರಿಗೂ ತಿಳಿಯದಂತೆ ಆ ಹಣವನ್ನು ತುಂಬಿಕೊಟ್ಟರು. ಇಷ್ಟು ದೈವಭಕ್ತಿಯಿರುವ ಹುಡುಗನಿಗೆ ಪ್ರಾಮಾಣಿಕತೆಯನ್ನು ಬೇರೆಯಾಗಿ ಕಲಿಸಬೇಕೇ?

ಉತ್ತರ: ಕಲಿಸಬೇಕು ತಾಯಿ. ಭಕ್ತಿಯಿದ್ದ ಕಡೆಗೆ ಪ್ರಾಮಾಣಿಕತೆ ತಾನಾಗಿ ಬಂದು ಸೇರಿಕೊಳ್ಳುತ್ತದೆಂದು ನಂಬಿ ಮೋಸಹೋದ ತಂದೆತಾಯಿಗಳನ್ನು ನಾನು ಬಹಳ ನೋಡಿದ್ದೇನೆ. ಮೂವತ್ತು ವರ್ಷ ಮಲೆನಾಡಿನ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದ ನನ್ನ ಅನುಭವದಲ್ಲಿ, ಪೂಜೆ ಮಾಡುವುದನ್ನು ಹುಡುಗರು ಮನೆಯಲ್ಲಿ ನೋಡಿ ಕಲಿಯುತ್ತಾರೆ. ಪರರ ಹಣವನ್ನು ಹೇಗೆ ಹಿಡಿಯಬೇಕು, ಹೇಗೆ ಲೆಕ್ಕ ಒಪ್ಪಿಸಬೇಕು ಎಂಬುದನ್ನು ಮಾತ್ರ ಅವರಿಗೆ ಯಾರೂ ಕೂರಿಸಿಕೊಂಡು ತೋರಿಸಿರುವುದಿಲ್ಲ. ನಿಮ್ಮ ಊರಿನ ಸಂಘದವರು ರಶೀದಿ ಪುಸ್ತಕ ಕೊಟ್ಟರು, ಮನೆಗಳ ಪಟ್ಟಿ ಕೊಟ್ಟರು. ಓಡಾಟದ ಖರ್ಚಿಗೆ ಎಷ್ಟು ತೆಗೆಯಬಹುದು, ಯಾರನ್ನು ಕೇಳಿ ತೆಗೆಯಬೇಕು ಎಂಬುದನ್ನು ಬಹುಶಃ ಹೇಳಿರಲಿಕ್ಕಿಲ್ಲ. ಆದರೆ ಅಷ್ಟರಿಂದ ನಿಮ್ಮ ಮಗನ ತಪ್ಪು ಕರಗಿಹೋಗುವುದಿಲ್ಲ. ಮಧ್ಯಾಹ್ನದ ಊಟವನ್ನು ಸಂಘ ಒಪ್ಪುತ್ತಿತ್ತು. ಮೊಬೈಲಿನ ಕರೆನ್ಸಿಯನ್ನು ಒಪ್ಪುತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಲೆಕ್ಕದಲ್ಲಿ ಬರೆಯಲಿಲ್ಲ. ಸಿಕ್ಕಿಬಿದ್ದ ಮೇಲೆ ದೇವರ ಹೆಸರು ಬಂದಿದೆ. ಅವನೊಡನೆ ಮಾತಾಡುವಾಗ ಈ ಒಂದು ಜಾಗದಲ್ಲಿ ನಿಲ್ಲಿ: ಖರ್ಚು ಮಾಡುವಾಗ ನೆನಪಾಗದ ದೇವರು ಉತ್ತರ ಕೊಡುವಾಗ ಹೇಗೆ ನೆನಪಾದ ಎಂದು ಕೇಳಿ, ಅವನೇ ಉತ್ತರ ಹುಡುಕುವವರೆಗೆ ಸುಮ್ಮನಿರಿ.

ನಮ್ಮ ಜಿಲ್ಲೆಯವಳೇ ಆದ ಒಬ್ಬಳ ಮಾತನ್ನು ಅವನಿಗೆ ಹೇಳಬಹುದು. ಶಿರಾಳಕೊಪ್ಪದ ಹತ್ತಿರದ ಹಿರೇಜಂಬೂರಿನ ಸತ್ಯಕ್ಕ 12ನೇ ಶತಮಾನದ ಶರಣೆ; ಶಿವಭಕ್ತರ ಮನೆಯಂಗಳ ಗುಡಿಸುವುದು ಆಕೆಯ ಕಾಯಕವಾಗಿತ್ತೆಂದು ಹೇಳುತ್ತಾರೆ. ಲಂಚಕ್ಕೂ ವಂಚನೆಗೂ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೂ ಕೈಮುಟ್ಟಿ ಎತ್ತುವುದಿಲ್ಲ ಎಂದು ಆಕೆ ತನ್ನ ಶಂಭುಜಕ್ಕೇಶ್ವರನ ಆಣೆಯಿಟ್ಟು ವಚನದಲ್ಲಿ ಹೇಳಿದ್ದಾಳೆ. ಅಂಗಳ ಗುಡಿಸುವವಳ ಕಣ್ಣಿಗೆ ಕೈಜಾರಿ ಬಿದ್ದ ವಸ್ತು ಆಗಾಗ ಕಾಣುತ್ತಲೇ ಇದ್ದಿರಬೇಕು. ಸತ್ಯವನ್ನೇ ನುಡಿಯುತ್ತೇನೆ ಎಂಬ ದೊಡ್ಡ ಮಾತಿಗೆ ಹೋಗದೆ, ತನ್ನ ಕೆಲಸದಲ್ಲಿ ಎದುರಾಗುವ ಆಸೆಯನ್ನೇ ಹೆಸರಿಸಿ ಆಕೆ ಆಣೆಯಿಟ್ಟಳೆಂದು ನಾನು ಅದನ್ನು ಓದಿಕೊಂಡಿದ್ದೇನೆ. ನಿಮ್ಮ ಮಗನ ಆಣೆಯೂ ಹಾಗೆ ಚಿಕ್ಕದಾಗಿರಲಿ: ಸಂಘದ ಹಣವನ್ನು ನನ್ನ ಜೇಬಿನ ಹಣದೊಡನೆ ಬೆರೆಸುವುದಿಲ್ಲ, ಆ ದಿನದ್ದನ್ನು ಆ ದಿನವೇ ಖಜಾಂಚಿಗೆ ಮುಟ್ಟಿಸುತ್ತೇನೆ. ಇಷ್ಟು ಸಾಕು.

ಇನ್ನು ನಿಮ್ಮ ಯಜಮಾನರು ಗುಟ್ಟಾಗಿ ಹಣ ತುಂಬಿದ ವಿಚಾರ. ಅವರಿಗೆ ಬೇಸರವಾದರೂ ಹೇಳಲೇಬೇಕು, ನನ್ನ ಮಟ್ಟಿಗೆ ಹುಡುಗನ ತಪ್ಪಿಗಿಂತ ಇದು ದೊಡ್ಡದು. ತಪ್ಪು ಮಾಡಿದರೆ ಅಪ್ಪ ಮುಚ್ಚಿಹಾಕುತ್ತಾರೆ, ಮನೆಗೆ ಮುಖ್ಯವಾದದ್ದು ಹೆಸರು ಎಂಬುದನ್ನು ಅವನು ಅಂದೇ ಕಲಿತುಬಿಟ್ಟ. ಈಗಲೂ ತಡವಾಗಿಲ್ಲ. ಅವನು ತಾನೇ ಸಂಘದ ಅಧ್ಯಕ್ಷರ ಬಳಿಗೆ ಹೋಗಿ, “ಇಷ್ಟು ಹಣವನ್ನು ನಾವು ಕೇಳದೆ ಖರ್ಚು ಮಾಡಿದ್ದೆವು, ಅಪ್ಪ ತುಂಬಿದರು” ಎಂದು ಹೇಳಲಿ. ನೀವು ಜೊತೆಗೆ ಹೋಗಿ, ಆದರೆ ಬಾಯಿ ಬಿಡಬೇಡಿ. ಅಪ್ಪ ಕೊಟ್ಟ ಹಣದಲ್ಲಿ ತನ್ನ ಪಾಲನ್ನು ಅವನು ದುಡಿದು ತೀರಿಸಲಿ. ಅಡಿಕೆಯ ಕೊನೆಕೊಯ್ಲು ಶುರುವಾಗುವ ಕಾಲ ಇದು, ರಾತ್ರಿ ಅಡಿಕೆ ಸುಲಿತಕ್ಕೆ ಆಳು ಸಿಗುವುದಿಲ್ಲವೆಂದು ಎಲ್ಲರ ಮನೆಯಲ್ಲೂ ಗೋಳು ಇದ್ದೇ ಇದೆ. ಉಳಿದ ಸುಲಿತದವರೊಂದಿಗೆ ಸಿಪ್ಪೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು, ಅವರಿಗೆ ಸಿಗುವ ದರದಲ್ಲೇ ಕೂಲಿ ಲೆಕ್ಕ ಹಾಕಿಸಿಕೊಳ್ಳಲಿ. ಆ ಮೊತ್ತ ತುಂಬಲು ಎಷ್ಟು ರಾತ್ರಿ ಬೇಕೆಂದು ಬೆರಳಿಗೆ ತಿಳಿದರೆ, ಆ ಚಂದಾ ಕೊಟ್ಟ ಮನೆಗಳಲ್ಲಿ ಸುಲಿತದ ಹೆಂಗಸರ ಮನೆಯೂ ಇತ್ತೆಂಬುದು ತಾನಾಗಿ ಹೊಳೆಯುತ್ತದೆ.

ಸುಲಿತದ ಚಪ್ಪರದಲ್ಲಿ ಇನ್ನೊಂದು ಪಾಠವೂ ನಡೆಯುತ್ತಿರುತ್ತದೆ ಎಂಬುದನ್ನು ಹಿರಿಯರು ಮರೆಯುತ್ತಾರೆ. ಒಳ್ಳೆಯ ದರ್ಜೆಯ ‘ರಾಶಿ’ ಅಡಿಕೆಯ ಚೀಲಕ್ಕೆ ಒಂದಿಷ್ಟು ಕೀಳು ದರ್ಜೆಯ ಗೊರಬಲು ಸೇರಿಸಿ ಮಂಡಿಗೆ ಕಳಿಸುವ ಮನೆಯಲ್ಲಿ ಹುಡುಗನಿಗೆ ಸತ್ಯದ ಬಗ್ಗೆ ಏನು ಹೇಳಿದರೂ ನೀರಮೇಲೆ ಬರೆದಂತೆ. ನಿಮ್ಮ ಮನೆಯಲ್ಲಿ ಹಾಗಿದೆ ಎಂದು ನಾನು ಹೇಳುತ್ತಿಲ್ಲ. ಹಾಗಿರುವ, ದೇವರ ಕೋಣೆಯಲ್ಲಿ ಎರಡು ಹೊತ್ತೂ ದೀಪ ಉರಿಯುವ ಮನೆಗಳನ್ನು ಬಲ್ಲೆ.

ಪತ್ರದಲ್ಲಿ ಪೆಟ್ರೋಲಿನ ಮಾತು ಬಂದಿರುವುದರಿಂದ ಕೇಳುತ್ತೇನೆ, ಅವನಿಗೆ ಹದಿನೆಂಟು ತುಂಬಿದೆಯೇ? ತುಂಬಿಲ್ಲವಾದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪ್ರಾಪ್ತನು ವಾಹನ ಓಡಿಸಿ ಅಪರಾಧವೆಸಗಿದಲ್ಲಿ ಪೋಷಕರು ಇಲ್ಲವೇ ವಾಹನದ ಮಾಲೀಕರು ಮೂರು ವರ್ಷದವರೆಗೆ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗಬೇಕಾಗುತ್ತದೆ; ಆ ವಾಹನದ ನೋಂದಣಿಯನ್ನು 12 ತಿಂಗಳು ರದ್ದುಪಡಿಸಲಾಗುತ್ತದೆ. ಘಾಟಿಯ ತಿರುವುಗಳಲ್ಲಿ ಮೂವರು ಹುಡುಗರನ್ನು ಒಂದೇ ಬೈಕಿನಲ್ಲಿ ಚಂದಾಕ್ಕೆ ಕಳಿಸಿದ ಸಂಘದ ಹಿರಿಯರೂ ಇದನ್ನು ಓದಲಿ.

ಪ್ರಶ್ನೆ: ಸಾಗರದ ಕಡೆಯ ನಮ್ಮ ತೋಟದ ಬೇಲಿಗೆ, ಇಲ್ಲಿಯ ಬಹಳ ತೋಟಗಳಲ್ಲಿರುವಂತೆ, ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಎಂಬ ಬೋರ್ಡು ಹಾಕಿದ್ದೇವೆ. ಹನ್ನೆರಡು ವರ್ಷದ ಮೊಮ್ಮಗನಿಗೆ ಅಮ್ಮನವರ ಮೇಲೆ ಅಪಾರ ಭಯಭಕ್ತಿ. ಬೋರ್ಡು ಇರುವ ತೋಟದಲ್ಲಿ ಬಿದ್ದ ಹಣ್ಣನ್ನೂ ಅವನು ಮುಟ್ಟುವುದಿಲ್ಲ. ಆದರೆ ಬೋರ್ಡಿಲ್ಲದ ಪಕ್ಕದ ತೋಟದಿಂದ ಪೇರಲೆ ಹಣ್ಣು ಕೊಯ್ದು ತರುತ್ತಾನೆ. ನಗಬೇಕೋ ಗದರಬೇಕೋ ತಿಳಿಯುತ್ತಿಲ್ಲ.

ಉತ್ತರ: ಮೊದಲು ನಕ್ಕುಬಿಡಿ, ಆಮೇಲೆ ಗದರಬಹುದು. ಹುಡುಗ ತರ್ಕದಲ್ಲಿ ಗಟ್ಟಿಗ. ಬೋರ್ಡಿಗೆ ಹೆದರಬೇಕೆಂದು ಕಲಿಸಿದ್ದೀರಿ, ಬೋರ್ಡಿಗೆ ಹೆದರುತ್ತಿದ್ದಾನೆ. ಅಮ್ಮನವರ ಕಾವಲಿನ ಮೇಲೆ ನಮ್ಮ ಸೀಮೆಯ ಜನ ಇಟ್ಟಿರುವ ನಂಬಿಕೆಯನ್ನು ಅವನಿಂದ ಕಿತ್ತುಹಾಕುವ ಅಗತ್ಯವಿಲ್ಲ. ಅವನ ಕಣ್ಣಿಗೆ ಆ ಪೇರಲೆ ಮರದ ಹಿಂದಿರುವ ಮನುಷ್ಯ ಕಾಣುವಂತೆ ಮಾಡಬೇಕು, ಅಷ್ಟೇ. ಪಕ್ಕದ ತೋಟದವರ ಮನೆಗೆ ಅವನನ್ನು ಕರೆದುಕೊಂಡು ಹೋಗಿ, ಕೊಯ್ದದ್ದನ್ನು ಅವನ ಬಾಯಿಂದಲೇ ಹೇಳಿಸಿ. ಮಂಗಗಳು ತಿಂದು, ಕೆಡವಿ ಬಿಟ್ಟ ಮೇಲೆ ಅವರಿಗೆ ಒಂದು ಮರದಲ್ಲಿ ಎಷ್ಟು ಹಣ್ಣು ಉಳಿಯುತ್ತದೆಂದು ಅವರೇ ಹೇಳಲಿ. ಹೆಚ್ಚಿನಂಶ ಆ ಮನೆಯ ಅಮ್ಮ, “ಕೇಳಿ ತಗೊಂಡು ಹೋಗೋ ಮಾರಾಯ” ಎಂದು ಇನ್ನೆರಡು ಹಣ್ಣು ಕೈಗಿಡುತ್ತಾರೆ. ಕೇಳಿ ಪಡೆದ ಹಣ್ಣಿಗೂ ಕದ್ದ ಹಣ್ಣಿಗೂ ಇರುವ ವ್ಯತ್ಯಾಸ ಆಗ ಅವನಿಗೆ ತಿಳಿಯುತ್ತದೆ.

ಪ್ರಶ್ನೆ: ಶಿವಮೊಗ್ಗ ನಗರದ ನಮ್ಮ ಮಸೀದಿಯ ಯುವಕರು ರಂಜಾನಿನಲ್ಲಿ ಬಡ ಮಕ್ಕಳ ಶಾಲೆಯ ಶುಲ್ಕಕ್ಕಾಗಿ ಜಕಾತ್ (ಕಡ್ಡಾಯ ದಾನ) ಹಣ ಸಂಗ್ರಹಿಸುತ್ತಾರೆ. ಐದೂ ಹೊತ್ತು ನಮಾಜು ಮಾಡುವ ಒಬ್ಬ ಹುಡುಗ ಅದರಿಂದ ಹಣ ತೆಗೆದು ತನ್ನ ಅಂಗಡಿಯ ಬಾಡಿಗೆ ಕಟ್ಟಿ, ಹತ್ತು ದಿನದಲ್ಲಿ ಪೂರ್ತಿ ತಿರುಗಿ ಇಟ್ಟ. ಯಾರಿಗೂ ನಷ್ಟವಾಗಲಿಲ್ಲ ಎನ್ನುತ್ತಾನೆ. ಅವನನ್ನು ಹೇಗೆ ತಿದ್ದಲಿ?

ಉತ್ತರ: ಧಾರ್ಮಿಕ ತೀರ್ಪನ್ನು ನಿಮ್ಮ ಮೌಲ್ವಿಗಳಿಂದ ಕೇಳಿ; ನಾನು ಹೇಳುವುದು ಹೊರಗಿನವನೊಬ್ಬನ ಮಾತು. ಜಕಾತ್ ಯಾರಿಗೆ ಸಲ್ಲಬೇಕೆಂದು ಎಂಟು ವರ್ಗಗಳನ್ನು ಕುರಾನೇ ಹೆಸರಿಸಿದೆ. ಅದನ್ನು ಸಂಗ್ರಹಿಸುವವನು ತನಗೆ ತಾನೇ ಸಾಲ ಮಂಜೂರು ಮಾಡಿಕೊಳ್ಳಬಹುದೆಂದು ಅಲ್ಲೆಲ್ಲೂ ಇಲ್ಲ. ನಿಮ್ಮ ಹುಡುಗರಿಗೆ ಅಮಾನತ್, ಅಂದರೆ ನಂಬಿ ಒಪ್ಪಿಸಿದ್ದು, ಎಂಬ ಮಾತು ಪರಿಚಿತವೇ. ಪ್ರವಾದಿಗಳನ್ನು ಮೆಕ್ಕಾದ ಜನ ಮೊದಲಿನಿಂದಲೂ ಅಲ್ ಅಮೀನ್, ಅಂದರೆ ನಂಬಿಗಸ್ತ, ಎಂದು ಕರೆಯುತ್ತಿದ್ದರು. ಮದೀನಾಕ್ಕೆ ಹೊರಡುವ ಆ ಅಪಾಯದ ರಾತ್ರಿಯಲ್ಲೂ ತಮ್ಮ ಬಳಿ ಜನ ಇಟ್ಟಿದ್ದ ವಸ್ತುಗಳನ್ನು ಅವರವರಿಗೆ ಹಿಂದಿರುಗಿಸಲು ಅವರು ಅಲಿಯವರನ್ನು ಹಿಂದೆ ಬಿಟ್ಟುಹೋದರೆಂಬ ಕಥನವನ್ನು ನೀವು ಅವರಿಗೆ ಹೇಳಿಯೇ ಇರುತ್ತೀರಿ. ಅದೇ ಅಮಾನತ್ ಎಂಬ ಮಾತು ನಮ್ಮ ಕನ್ನಡಕ್ಕೆ ಬಂದು, ನಂಬಿ ಇಟ್ಟ ಠೇವಣಿಗೂ ಅಮಾನತು, ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೂ ಅಮಾನತು ಆಗಿದೆ. ಹುಡುಗರು ಇದನ್ನು ಕೇಳಿ ನಕ್ಕರೂ ಮರೆಯುವುದಿಲ್ಲ.

ನಷ್ಟವಾಗಲಿಲ್ಲ ಎಂಬ ಅವನ ವಾದಕ್ಕೆ ಒಂದೇ ಪ್ರಶ್ನೆ ಸಾಕು: ಆ ಹತ್ತು ದಿನದಲ್ಲಿ ಒಂದು ಮಗುವಿನ ಶುಲ್ಕದ ಕೊನೆಯ ದಿನ ಬಂದಿದ್ದರೆ? ಉಳಿದದ್ದು ವ್ಯವಸ್ಥೆಯ ಮಾತು. ಕ್ರಮಸಂಖ್ಯೆಯಿರುವ ರಶೀದಿ, ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದ ಬ್ಯಾಂಕ್ ಖಾತೆ, ಶುಕ್ರವಾರದ ನಮಾಜಿನ ಬಳಿಕ ಆ ವಾರದ ಜಮಾಖರ್ಚನ್ನು ಗಟ್ಟಿಯಾಗಿ ಓದುವುದು ಇವಿಷ್ಟನ್ನು ಮಾಡಿ. ಇದು ಅನುಮಾನವಲ್ಲವೇ ಎಂದು ಹುಡುಗರು ಮುನಿಸಿಕೊಂಡರೆ, ಮೊದಲ ವಾರದ ಲೆಕ್ಕವನ್ನು ನೀವೇ ಓದಿ, ನಿಮ್ಮ ಕೈಯಿಂದ ಖರ್ಚಾದ ಚಹಾದ ದುಡ್ಡನ್ನೂ ಬಿಡದೆ. ಆ ಹುಡುಗನನ್ನು ಗುಂಪಿನಿಂದ ತೆಗೆಯಬೇಡಿ. ಮುಂದಿನ ರಂಜಾನಿಗೆ ರಶೀದಿ ಪುಸ್ತಕ ಅವನ ಕೈಯಲ್ಲೇ ಇರಲಿ, ಹಣದ ಪೆಟ್ಟಿಗೆಯ ಬೀಗದ ಕೈ ಇನ್ನೊಬ್ಬನ ಬಳಿ ಇರಲಿ.