ಕಸೂತಿ ಹಾಕಿ ಹಕ್ಕು ಕೇಳಬಹುದಾ?

ಪ್ರಶ್ನೆ: ಮೇಡಂ, ನಮ್ಮ ಬಡಾವಣೆಯ ಕೆರೆಗೆ ಚರಂಡಿ ನೀರು ಬಿಡುತ್ತಿದ್ದಾರೆ. ಅರ್ಜಿ ಕೊಟ್ಟಿದ್ದಾಯಿತು, ಏನೂ ಆಗಲಿಲ್ಲ. ಧರಣಿ, ಘೋಷಣೆ ಅಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಬರುವುದು ಕಸೂತಿ ಒಂದೇ. ವಿದೇಶದಲ್ಲಿ ಹೊಲಿಗೆ ಹಾಕಿಯೇ ಪ್ರತಿಭಟನೆ ಮಾಡುತ್ತಾರಂತೆ, ನಿಜವಾ? ಅದರಿಂದ ಏನಾದರೂ ಆಗುತ್ತಾ?
– ಗೃಹಿಣಿ, ಧಾರವಾಡ

ಉತ್ತರ: ನಿಜ. ಕೆಲಸವೂ ಆಗಿದೆ. ಆದರೆ ಸುಮ್ನೆ ಚೆಂದದ ಬಟ್ಟೆ ಹೊಲಿದು ಗೇಟಿಗೆ ಕಟ್ಟಿ ಬಂದರೆ ಆಗಲ್ಲ. ಯಾರನ್ನು ಕೇಳುತ್ತೀರಿ, ಏನನ್ನು ಕೇಳುತ್ತೀರಿ ಅನ್ನೋದು ಮೊದಲು ಗಟ್ಟಿಯಾಗಬೇಕು.

ಇಂಗ್ಲೆಂಡಿನ ಸಾರಾ ಕಾರ್ಬೆಟ್ ಎಂಬವರು 2009ರಲ್ಲಿ 'ಕ್ರಾಫ್ಟಿವಿಸ್ಟ್ ಕಲೆಕ್ಟಿವ್' ಅಂತ ಒಂದು ಗುಂಪು ಶುರು ಮಾಡಿದರು. ಅವರೂ ನಿಮ್ಮ ಹಾಗೇ ಸಂಕೋಚದವರು, ಕೂಗಾಟದ ಹೋರಾಟದಲ್ಲಿ ದಣಿದವರು. 2015ರಲ್ಲಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಕಂಪನಿ ತನ್ನ ಅಂಗಡಿ ನೌಕರರಿಗೆ ಬದುಕಲು ಸಾಲುವಷ್ಟು ಸಂಬಳ ಕೊಡಲಿ ಎಂದು ಕೇಳಲು ಈ ಗುಂಪು ಅದೇ ಕಂಪನಿಯ ಕರವಸ್ತ್ರಗಳನ್ನು ಕೊಂಡಿತು. ಆಡಳಿತ ಮಂಡಳಿಯ 14 ಸದಸ್ಯರ ಬಗ್ಗೆ ಓದಿಕೊಂಡು, ಒಬ್ಬೊಬ್ಬರಿಗೂ ಅವರಿಗೆ ತಟ್ಟುವಂಥ ಮಾತನ್ನು ಹೊಲಿದು, ವಾರ್ಷಿಕ ಸಭೆಯಲ್ಲಿ ಕೈಗೇ ಕೊಟ್ಟರು. ಮರುವರ್ಷ ಕಂಪನಿ ಸಂಬಳ ಏರಿಸುವುದಾಗಿ ಹೇಳಿತು. ಕರವಸ್ತ್ರವೊಂದೇ ಗೆದ್ದಿತು ಅಂತ ನಾನು ಹೇಳಲ್ಲ, ಷೇರುದಾರರ ಒತ್ತಡವೂ ಇತ್ತು. ಅದೇ ಹೊತ್ತಿಗೆ ಕಂಪನಿ ಭಾನುವಾರದ ಕೆಲಸಕ್ಕೆ ಕೊಡುತ್ತಿದ್ದ ಹೆಚ್ಚಿನ ಹಣಕ್ಕೂ ಕತ್ತರಿ ಹಾಕಿತು, ಅದನ್ನು ಮರೆಯಬಾರದು. ಆದರೂ ಆ ಮಂಡಳಿ ಕೂತು ಮಾತಾಡುವಂತಾಯಿತು ಅಲ್ವಾ, ಅದು ಸಣ್ಣದಲ್ಲ.

ಅರ್ಜಿ ಫೈಲಿಗೆ ಹೋಗುತ್ತದೆ. ತನ್ನ ಹೆಸರಿಟ್ಟು ಯಾರೋ ಗಂಟೆಗಟ್ಟಲೆ ಕೂತು ಹೊಲಿದದ್ದನ್ನು ಕಸದಬುಟ್ಟಿಗೆ ಹಾಕಲು ಕೈ ಬರುವುದಿಲ್ಲ. ಇನ್ನೊಂದು, ಹೊಲಿಯುವ ಹೊತ್ತಿನಲ್ಲಿ ನಿಮ್ಮ ಸಿಟ್ಟೂ ಸೋಸಿ ಬರುತ್ತದೆ. 'ಇವರೆಲ್ಲ ಕಳ್ಳರು' ಅಂತ ಶುರುವಾದದ್ದು 'ಮಳೆಗಾಲಕ್ಕೆ ಮುಂಚೆ ಈ ಪೈಪು ತಿರುಗಿಸಿ' ಅಂತಾಗುತ್ತದೆ. ಎರಡನೆಯದಕ್ಕೆ ಮಾತ್ರ ಉತ್ತರ ಸಿಗೋದು.

ಹಾಗಾಗಿ ಆ ಪೈಪಿನ ಹೊಣೆ ಯಾವ ಇಂಜಿನಿಯರದು, ವಾರ್ಡ್ ಸದಸ್ಯರು ಯಾರು, ಪತ್ತೆ ಮಾಡಿ. ಅವರಿಗೆ ಕೊಡುವ ಕರವಸ್ತ್ರದ ಅಂಚಿಗೆ ಕಸೂತಿಯ ಗವಂತಿ ಹಾಕಿ. ಗಂಟಿಲ್ಲದೆ ಎರಡೂ ಬದಿ ಒಂದೇ ಥರ ಬರುವ ಹೊಲಿಗೆ ಅದು, ಹಿಂದೆ ತಿರುಗಿಸಿ ನೋಡಿದರೂ ಮುಚ್ಚುಮರೆ ಇಲ್ಲ. ಗೋಪುರ, ತೇರು, ತುಳಸಿಕಟ್ಟೆ ಜೊತೆಗೆ ನಿಮ್ಮ ಕೆರೆಯ ಕೊಕ್ಕರೆಯೂ ಬರಲಿ. ಕನ್ನಡದ ಗುಂಡು ಅಕ್ಷರಗಳನ್ನು ಎಳೆ ಎಣಿಸಿ ತರುವುದು ಕಷ್ಟ, ಮಾತಿಗೆ ಸರಪಳಿ ಹೊಲಿಗೆ ಸಾಕು. ಒಂದೇ ಸಾಲು, ಒಂದೇ ಬೇಡಿಕೆ. ಬೈಗುಳ ಬೇಡ. ಜೊತೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಇದನ್ನು ಬಿಡಲೇಬೇಡಿ. ಸಾಧ್ಯವಾದರೆ ಭಾನುವಾರ ನಾಲ್ಕು ಜನ ಕೆರೆ ಏರಿ ಮೇಲೇ ಕೂತು ಹೊಲಿಯಿರಿ. ವಾಕಿಂಗ್‌ಗೆ ಬಂದವರು 'ಏನಿದು?' ಅಂತ ತಾವಾಗೇ ಕೇಳುತ್ತಾರೆ, ನಿಮಗೆ ಮೈಕ್ ಬೇಕಾಗಲ್ಲ.

ಪ್ರಶ್ನೆ: ಸೂಜಿ ದಾರ ಹಿಡಿದು ಕೂರುವುದು ಹೊಟ್ಟೆ ತುಂಬಿದವರ ಹೋರಾಟ ಅನ್ನಿಸುತ್ತೆ. ಕಷ್ಟದಲ್ಲಿರುವವರಿಗೆ ಇಷ್ಟು ಪುರುಸೊತ್ತು ಎಲ್ಲಿ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಚಿಲಿ ದೇಶದ ಕಥೆ ಕೇಳಿ. 1973ರ ಸೆಪ್ಟೆಂಬರ್ 11ರಂದು ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಸೇನಾ ಮುಖ್ಯಸ್ಥ ಪಿನೊಚೆಯ ಆಳ್ವಿಕೆಯಲ್ಲಿ ಸಾವಿರಾರು ಜನರನ್ನು ಕೊಂದರು, ಎಷ್ಟೋ ಜನ ಎಲ್ಲಿ ಹೋದರೆಂದೇ ತಿಳಿಯಲಿಲ್ಲ. ರಾಜಧಾನಿ ಸಾಂಟಿಯಾಗೊದ ಬಡ ಕೇರಿಗಳಲ್ಲಿ ತಾಯಂದಿರು, ಹೆಂಡತಿಯರು ಗೋಣಿ ಬಟ್ಟೆಯ ಮೇಲೆ ಚಿಂದಿ ತುಂಡುಗಳನ್ನು ಹೊಲಿದು ಚಿತ್ರ ಮಾಡಿದರು. ಕಾಣೆಯಾದವರ ಫೋಟೊ ಹಿಡಿದ ಹೆಂಗಸರು, ಕೇರಿಯವರೆಲ್ಲ ಒಟ್ಟಿಗೆ ಅಡುಗೆ ಮಾಡುವ ಒಲೆ, ಪೊಲೀಸರು. ಇವಕ್ಕೆ ಆರ್ಪಿಯೇರಾ ಅಂತ ಹೆಸರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲದಲ್ಲಿ ಸುದ್ದಿ ಹೊರಗೆ ಹೋದದ್ದು ಈ ಬಟ್ಟೆಗಳಲ್ಲೂ. ಕ್ಯಾಥೊಲಿಕ್ ಚರ್ಚಿನ ಒಂದು ಸಂಸ್ಥೆ ಇವನ್ನು ವಿದೇಶಕ್ಕೆ ಕಳಿಸಿ ಮಾರಿಸುತ್ತಿತ್ತು, ಬಂದ ಹಣದಲ್ಲಿ ಮನೆಯ ಒಲೆ ಉರಿಯಿತು. ಇದು ಹೊಟ್ಟೆ ತುಂಬಿದವರ ಕೆಲಸವಾ ಹೇಳಿ.

ನಿಮ್ಮ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಹೆಗ್ಗೋಡಿನ ಹತ್ತಿರ 'ಚರಕ' ಕೈಮಗ್ಗ ಸಂಘ ಕಟ್ಟಿದ ರಂಗಕರ್ಮಿ ಪ್ರಸನ್ನ, 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆಯೇ ಬೇಡ ಎಂದು ಸತ್ಯಾಗ್ರಹಕ್ಕಿಳಿದು ಉಪವಾಸ ಕೂತರು. ಅಲ್ಲಿ ಬಟ್ಟೆ ನೇಯುವುದು ಬೇರೆ, ಹಕ್ಕು ಕೇಳುವುದು ಬೇರೆ ಅಂತ ಇರಲಿಲ್ಲ. ನೀವು ಬೀದಿಗಿಳಿದು ಕೂಗುವವರಾದರೆ ದಯವಿಟ್ಟು ಕೂಗಿ. ಹೊಲಿಗೆ ಅದಕ್ಕೆ ಬದಲಿ ಅಲ್ಲ. ಕೂಗಲು ಆಗದವರನ್ನೂ ಜೊತೆಗೆ ಸೇರಿಸಿಕೊಳ್ಳಿ ಅಂತಷ್ಟೇ ನನ್ನ ಕೋರಿಕೆ.

ಪ್ರಶ್ನೆ: ಅಧಿಕಾರಿಗೆ ಕಸೂತಿ ಕೊಟ್ಟರೆ ಲಂಚ ಅನ್ನಲ್ವಾ?
– ಓದುಗರು, ಹಾವೇರಿ

ಉತ್ತರ: ಒಳ್ಳೆ ಪ್ರಶ್ನೆ. ರೇಷ್ಮೆ, ಜರಿ, ದುಬಾರಿ ಫ್ರೇಮು ಯಾವುದೂ ಬೇಡ. ಹತ್ತಿಯ ಕರವಸ್ತ್ರ ಸಾಕು. ಒಬ್ಬರೇ ಚೇಂಬರಿಗೆ ಹೋಗಬೇಡಿ, ಎಲ್ಲರೆದುರು ಕೊಡಿ, ಅರ್ಜಿಯಲ್ಲೂ ಅದರ ಬಗ್ಗೆ ಬರೆಯಿರಿ. ಉಡುಗೊರೆ ತಗೊಳ್ಳಲು ಸರ್ಕಾರಿ ನೌಕರರಿಗೆ ನಿಯಮಗಳಿವೆ, ಬೇಡ ಅಂದರೆ ಒತ್ತಾಯಿಸಬೇಡಿ. ಕಚೇರಿಯ ಗೋಡೆಗೆ ಹಾಕಿ ಅಂತ ಕೇಳಿ. ಅದಕ್ಕೂ ಒಪ್ಪದಿದ್ದರೆ ಊರಿನ ಗ್ರಂಥಾಲಯದಲ್ಲಿ ತೂಗುಹಾಕಿ, ಅಲ್ಲಿ ಓದುವವರು ಇನ್ನೂ ಜಾಸ್ತಿ.