ಬೆಟ್ಟಕ್ಕೆ ಹೋದರೂ ಕವಿತೆ ಬರಲಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ದಿನದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಜೊತೆಗೊಂದು ಜಲಪಾತ ನೋಡಿ ಬಂದೆ. ಒಂದು ಸಾಲೂ ಹುಟ್ಟಲಿಲ್ಲ, ಮನಸ್ಸೂ ತಣ್ಣಗಾಗಲಿಲ್ಲ. ತಪ್ಪೆಲ್ಲಾಯಿತು? (ದಾವಣಗೆರೆಯಿಂದ)

ಉತ್ತರ: ನಿಮ್ಮ ಪಟ್ಟಿಯಲ್ಲೇ ಆಯಿತು. ಎರಡು ದಿನಕ್ಕೆ ನಾಲ್ಕು ಜಾಗ ಅಂದರೆ ನೀವು ಬೆಟ್ಟಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಮುಂದಿನ ಗಾಡಿಯ ನಂಬರ್ ಪ್ಲೇಟನ್ನು. ಮುಂದಿನ ಸಲ ಒಂದೇ ಜಾಗ ಹಿಡಿಯಿರಿ. ಶಿಖರವೇ ಆಗಬೇಕಿಲ್ಲ. ಶೋಲಾ, ಅಂದರೆ ಬೆಟ್ಟದ ತಗ್ಗುಗಳಲ್ಲಿ ಬೆಳೆಯುವ ನಿತ್ಯಹಸಿರಿನ ಕಾಡು, ಮುಗಿದು ಹುಲ್ಲುಗಾವಲು ಶುರುವಾಗುವ ಅಂಚು ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಎರಡು ಲೋಕದ ಸದ್ದೂ ಸಿಗುತ್ತದೆ, ಬೆನ್ನಿಗೆ ನೆರಳೂ ಇರುತ್ತದೆ. ಸೋಮವಾರದಿಂದ ಗುರುವಾರದೊಳಗೆ ಹೋಗಿ, ಅದೇ ಜಾಗಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ಬನ್ನಿ. ಪ್ರತಿ ಸಲ ನಲವತ್ತು ನಿಮಿಷ ಅಲುಗಾಡದೆ ಕೂತುಕೊಳ್ಳಿ.

ಮೊದಲ ಹತ್ತು ನಿಮಿಷ ತಲೆಯಲ್ಲಿ ಆಫೀಸೇ ಇರುತ್ತದೆ, ಇರಲಿ ಬಿಡಿ. ನೀವು ಬಂದಾಗ ಸುಮ್ಮನಾದ ಹಕ್ಕಿಗಳು ಹದಿನೈದು ಇಪ್ಪತ್ತು ನಿಮಿಷಕ್ಕೆ ಮತ್ತೆ ಬಾಯಿ ಬಿಡುತ್ತವೆ. ಅಲ್ಲಿಯವರೆಗೆ ಪುಸ್ತಕ ತೆಗೆಯಬೇಡಿ. ಆಮೇಲೆ ಹತ್ತಿರದ ಸದ್ದು, ನಡುವಿನದು, ದೂರದ್ದು ಎಂದು ಮೂರು ಪಾಲು ಮಾಡಿ ಬರೆದುಕೊಳ್ಳಿ. ಹೆಸರುಪದ, ಕ್ರಿಯಾಪದ ಇಷ್ಟೇ ಸಾಕು. ‘ಸುಂದರ’, ‘ರಮ್ಯ’, ‘ಅದ್ಭುತ’ ಬಂದರೆ ಹೊಡೆದುಹಾಕಿ. ಅವು ನೀವು ನೋಡುವುದನ್ನು ನಿಲ್ಲಿಸಿದ ಗುರುತು. ಶಾಂತಿಗೆ ಬೇರೆ ಸಾಧನೆ ಬೇಕಿಲ್ಲ. ಕಿವಿಗೆ ಕೆಲಸ ಕೊಟ್ಟರೆ ಒಳಗಿನ ಗಲಾಟೆ ತಾನಾಗಿ ತಗ್ಗುತ್ತದೆ. ಮೊದಲ ದಿನ ತೊಡೆ ನೋವೇ ದೊಡ್ಡದಾಗಿರುತ್ತದೆ, ಆದ್ದರಿಂದ ಕನಿಷ್ಠ ಮೂರು ರಾತ್ರಿ ಉಳಿಯುವ ಲೆಕ್ಕ ಹಾಕಿ.

ಪ್ರಶ್ನೆ: ‘ಮಂಜಿನ ಸೆರಗನು ಹೊದ್ದಿದೆ ಬೆಟ್ಟ’ ಎಂದು ಶುರು ಮಾಡಿದ್ದೇನೆ. ಮುಂದುವರಿಸಲೇ? (ಹಾಸನದಿಂದ)

ಉತ್ತರ: ಛಂದಸ್ಸಿನ ಲೆಕ್ಕ ಸರಿಯಿದೆ. ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ, ಸೊನ್ನೆಯ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು. ಮಂಜಿನ, ಸೆರಗನು, ಹೊದ್ದಿದೆ, ಬೆಟ್ಟ: ನಾಲ್ಕು ಮಾತ್ರೆಯ ನಾಲ್ಕು ಗಣ, ಕೊನೆಯ ಲಘುವನ್ನು ಎಳೆದರೆ ಹದಿನಾರು, ಶುದ್ಧ ಮಂದಾನಿಲ ರಗಳೆಯ ನಡೆ. ಆದರೆ ಮಂಜನ್ನು ಸೆರಗು ಮಾಡಲು ಬೆಟ್ಟಕ್ಕೆ ಹೋಗಬೇಕಿರಲಿಲ್ಲ, ಮನೆಯಲ್ಲೇ ಆಗುತ್ತಿತ್ತು. ಮಂಜು ಏನು ಮಾಡುತ್ತದೆ ಎಂದು ನೋಡಿ. ಮಳೆಗಾಲದಲ್ಲಿ ಗಾಳಿಯ ಜೊತೆ ಇಳಿಜಾರು ಹತ್ತಿ ಬರುವುದು ಮೋಡವೇ. ಅದರ ಹನಿ ಗಾಳಿಗೆ ಎದುರಾದ ಮಗ್ಗುಲಿಗೆ ಮಾತ್ರ ಬಡಿದು ಅಂಟುತ್ತದೆ. ಮರದ ಸುತ್ತ ಒಂದು ಸುತ್ತು ಬನ್ನಿ: ಪಡುವಣ ಮಗ್ಗುಲಲ್ಲಿ ನೀರು ಇಳಿಯುತ್ತಿದ್ದರೆ ಮೂಡಣ ಮಗ್ಗುಲಲ್ಲಿ ತೊಗಟೆ ಒಣಗಿಯೇ ಇರುತ್ತದೆ. ‘ಕಾಂಡದ ಒಂದೇ ಮಗ್ಗುಲು ಒದ್ದೆ’: ಅದೇ ಹದಿನಾರು ಮಾತ್ರೆ. ಇದು ಮಹಾ ಸಾಲೇನಲ್ಲ, ಆದರೆ ಇದರ ಮುಂದೆ ಎರಡನೆಯ ಸಾಲು ಹುಟ್ಟಬಲ್ಲದು. ಸೆರಗಿನ ಮುಂದೆ ಬರುವುದು ಕುಪ್ಪಸ, ಬಳೆ, ನಾಚಿಕೆ. ಬೆಟ್ಟ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ನಡೆಯುವಾಗ ಮನಸ್ಸಿನಲ್ಲಿ ಲಯ ಕೂಡುತ್ತದೆ. ಮನೆಗೆ ಬಂದು ಓದಿದರೆ ಕುಂಟುತ್ತದೆ. ಏಕೆ? (ಪುತ್ತೂರಿನಿಂದ)

ಉತ್ತರ: ನಿಮ್ಮ ಕಾಲನ್ನೇ ಕೇಳಬೇಕು. ಸಮತಟ್ಟಿನಲ್ಲಿ ಒಂದು ಹೆಜ್ಜೆಗೆ ಸುಮಾರು ಎರಡು ಮಾತ್ರೆ ಸಲೀಸಾಗಿ ಕೂರುತ್ತದೆ. ನಾಲ್ಕರ ಗಣ ಎರಡು ಹೆಜ್ಜೆಗೆ ಮುಗಿಯುವುದರಿಂದ ಪ್ರತಿ ಗಣವೂ ಎಡಗಾಲಿಗೇ ಬೀಳುತ್ತದೆ, ಹಾಡಿಕೊಂಡು ಹೋಗಬಹುದು. ಮೂರರ ಗಣ ಒಂದೂವರೆ ಹೆಜ್ಜೆ: ಎರಡನೆಯ ಗಣ ಶುರುವಾಗುವಾಗ ಕಾಲು ಗಾಳಿಯಲ್ಲಿರುತ್ತದೆ. ಐದರ ಗಣಕ್ಕೂ, ಅಂದರೆ ಲಲಿತ ರಗಳೆಗೂ, ಇದೇ ಪಾಡು. ಭಾಮಿನಿ ಷಟ್ಪದಿಯ ಮೂರು–ನಾಲ್ಕು, ಮೂರು–ನಾಲ್ಕು ಸೇರಿ ಹದಿನಾಲ್ಕು ಮಾತ್ರೆ, ಏಳು ಹೆಜ್ಜೆ. ಮೊದಲ ಸಾಲು ಎಡಗಾಲಲ್ಲಿ ಎದ್ದರೆ ಎರಡನೆಯದು ಬಲಗಾಲಲ್ಲಿ. ಆ ತೂಗಾಟವೇ ಅದರ ಸೊಗಸು, ಆದರೆ ನಡೆಯುತ್ತಾ ಕಟ್ಟುವವರು ತಿಳಿಯದೆ ಒಂದು ಮಾತ್ರೆ ತುಂಬಿ ಅದನ್ನು ನಾಲ್ಕು–ನಾಲ್ಕು ಮಾಡಿಬಿಡುತ್ತಾರೆ. ಮನೆಯಲ್ಲಿ ಕುಂಟುವುದು ಹೀಗೆ ತುಂಬಿದ ಜಾಗ.

ಏರಿನಲ್ಲಿ ತೊಂದರೆ ಬೇರೆ. ಹದಿನಾರು ಮಾತ್ರೆಯ ಸಾಲಿಗೆ ಎಂಟು ಹೆಜ್ಜೆ ಬೇಕು, ಕಡಿದಾದ ಏರಿನಲ್ಲಿ ಒಂದು ಉಸಿರಿಗೆ ಅಷ್ಟು ಹೆಜ್ಜೆ ದಕ್ಕುವುದಿಲ್ಲ. ಸಾಲು ನಡುವೆಯೇ ಮುರಿಯುತ್ತದೆ. ಏರುವಾಗ ಕಟ್ಟಬೇಡಿ, ಪದ ಮಾತ್ರ ಹೆಕ್ಕಿಕೊಳ್ಳಿ. ಬೆಟ್ಟದ ನೆತ್ತಿಯ ಸಮತಟ್ಟು ದಾರಿಯಲ್ಲಿ ಕಟ್ಟಿ, ಕೂತು ಬೆರಳಲ್ಲಿ ಎಣಿಸಿ.

ಪ್ರಶ್ನೆ: ಮಳೆಯಲ್ಲಿ ಬರೆದದ್ದೆಲ್ಲ ಅಳಿಸಿಹೋಯಿತು. ಯಾವ ಪೆನ್ನು ಒಯ್ಯಬೇಕು? (ಸಾಗರದಿಂದ)

ಉತ್ತರ: ಪೆನ್ನು ಬೇಡ, ಪೆನ್ಸಿಲ್. ಶಾಯಿ ಪೆನ್ನಿನ, ಹಲವು ಜೆಲ್ ಪೆನ್ನಿನ ಬಣ್ಣ ನೀರಿನಲ್ಲಿ ಕರಗುತ್ತದೆ. ಬಾಲ್‌ಪೆನ್ನಿನದು ಎಣ್ಣೆ ಬಣ್ಣ, ತಡೆಯುತ್ತದೆ, ಆದರೆ ಒದ್ದೆ ಕಾಗದದ ಮೇಲೆ ಜಾರುತ್ತದೆ. ಪೆನ್ಸಿಲಿನ ಗೀರು ನೀರಿಗೆ ಕದಲುವುದಿಲ್ಲ. ಮೊನೆ ತೀರಾ ಚೂಪಾಗಿದ್ದರೆ ನೆನೆದ ಹಾಳೆ ಹರಿಯುತ್ತದೆ, 2ಬಿ ತೆಗೆದುಕೊಂಡು ಸ್ವಲ್ಪ ಮೊಂಡು ಮಾಡಿಟ್ಟುಕೊಳ್ಳಿ. ಅಂಗೈಯಗಲದ ಪುಸ್ತಕ ಎರಡು ಇರಲಿ. ಒಂದು ಹೊರಗೆ, ಇನ್ನೊಂದು ಜಿಪ್ ಕವರಿನಲ್ಲಿ. ಅಂಗಿಯ ಜೇಬಿನಲ್ಲಿಟ್ಟರೆ ಮಳೆಗಿಂತ ಮೊದಲು ಬೆವರೇ ಕೆಡಿಸುತ್ತದೆ. ಮೊಬೈಲಿನಲ್ಲಿ ಧ್ವನಿ ಹಿಡಿಯುವವರು ಗಾಳಿಗೆ ಬೆನ್ನು ಮಾಡಿ ನಿಂತು, ಮೈಕಿಗೆ ಅಂಗೈ ಮರೆ ಮಾಡಿ ಮಾತಾಡಿ. ಏರೋಪ್ಲೇನ್ ಮೋಡ್ ಹಾಕದಿದ್ದರೆ ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಯುತ್ತದೆ.

ಪ್ರಶ್ನೆ: ಇಂಬಳದ (ಜಿಗಣೆಯ) ಕಾಟದಲ್ಲಿ ನಲವತ್ತು ನಿಮಿಷ ಕೂರುವುದು ಹೇಗೆ? (ಬೆಂಗಳೂರಿನಿಂದ)

ಉತ್ತರ: ಕೂರಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡಿನ ತರಗೆಲೆ ಬಿಟ್ಟು ಬರಿ ಬಂಡೆ ಅಥವಾ ರಸ್ತೆಯ ಮೋರಿಕಟ್ಟೆ ನೋಡಿಕೊಳ್ಳಿ. ಹೊಗೆಸೊಪ್ಪಿನ ನೀರಲ್ಲಿ ಅದ್ದಿ ಒಣಗಿಸಿದ ಉದ್ದ ಕಾಲುಚೀಲದೊಳಕ್ಕೆ ಪ್ಯಾಂಟು ತುರುಕಿ. ಹತ್ತಿದರೆ ಉಗುರಿನಿಂದ ಸಪೂರ ತುದಿಯನ್ನು ಮೊದಲು ಪಕ್ಕಕ್ಕೆ ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಪ್ರಶ್ನೆ: ಫೋಟೊಗಳಲ್ಲಿ ಕಾಣುವ ಮೋಡದ ಕಡಲು ಯಾವಾಗ ಸಿಗುತ್ತದೆ? (ಕಲಬುರಗಿಯಿಂದ)

ಉತ್ತರ: ನವೆಂಬರಿನಿಂದ ಜನವರಿ. ಆಕಾಶ ತಿಳಿಯಾಗಿ, ಗಾಳಿ ನಿಂತ ರಾತ್ರಿಯಲ್ಲಿ ತಂಪು ಗಾಳಿ ಕಣಿವೆಗೆ ಇಳಿದು, ಅಲ್ಲಿನ ತೇವ ಮಂಜಾಗಿ ನಿಲ್ಲುತ್ತದೆ. ನೀವು ಅದರ ಮೇಲಿರಬೇಕು, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ. ಬಿಸಿಲು ಏರಿದಂತೆ, ಒಂಬತ್ತರ ಹೊತ್ತಿಗೆ ಹರಿದುಹೋಗುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಆ ಹೊತ್ತಿಗೆ ಚಳಿ ಜೋರಾಗಿರಬಹುದು. ಕೈ ಮರಗಟ್ಟಿದರೆ ಅಕ್ಷರ ಮೂಡುವುದಿಲ್ಲ, ಬೆರಳುತುದಿ ಕತ್ತರಿಸಿದ ಉಣ್ಣೆಯ ಕೈಗವಸು ಇರಲಿ.

ಪ್ರಶ್ನೆ: ಕವಿಶೈಲದಲ್ಲಿ ಕೂತು ಬರೆಯುವ ಆಸೆ. (ರಾಯಚೂರಿನಿಂದ)

ಉತ್ತರ: ತೀರ್ಥಹಳ್ಳಿ–ಕೊಪ್ಪ ರಸ್ತೆಯಿಂದ ಒಳಗೆ ಕುಪ್ಪಳಿ. ಕವಿಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ, ಕುವೆಂಪು ಅವರ ಸಮಾಧಿಯೂ ಅಲ್ಲೇ. ಸಂಜೆ ಸೂರ್ಯಾಸ್ತಕ್ಕೆ ಜನ ಸೇರುತ್ತಾರೆ, ಡಿಸೆಂಬರ್ 29ರ ಜನ್ಮದಿನದಂದು ಹೇಳುವುದೇ ಬೇಡ. ಬೆಳಗ್ಗೆ ಹೋಗಿ. ಒಂದು ಮಾತು: ಅಲ್ಲಿ ಕೂತವರ ಕಿವಿಯಲ್ಲಿ ಆ ಕವಿಯ ಸಾಲುಗಳೇ ಮೊಳಗುತ್ತಿರುತ್ತವೆ. ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ನಿಮ್ಮದನ್ನು ಬರೆಯಲು ಮಾತ್ರ ಪಕ್ಕದ ಹೆಸರಿಲ್ಲದ ಗುಡ್ಡ ವಾಸಿ.

ಪ್ರಶ್ನೆ: ಕೇದಾರಕ್ಕೆ ಹೊರಟಿದ್ದೇನೆ. ಅಲ್ಲಿ ಮನಸ್ಸು ತೇಲುತ್ತದಂತೆ, ಬರೆಯಲು ಸಾಧ್ಯವೇ? (ವಿಜಯಪುರದಿಂದ)

ಉತ್ತರ: ಕೇದಾರನಾಥ 3,583 ಮೀಟರ್. ಅಲ್ಲಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟು. ಸುಮಾರು 2,000 ಮೀಟರಿನ ಗೌರಿಕುಂಡದಿಂದ ಒಂದೇ ದಿನ ಹತ್ತಿದವರಿಗೆ ಬರುವ ‘ತೇಲುವ’ ಅನುಭವದಲ್ಲಿ ಭಕ್ತಿ ಎಷ್ಟು, ಆಮ್ಲಜನಕದ ಕೊರತೆ ಎಷ್ಟು ಎಂದು ಹೇಳುವುದು ಕಷ್ಟ. ತಲೆನೋವು, ವಾಕರಿಕೆ ಬಂದರೆ ಮೇಲೇರಬೇಡಿ. ಮಾತು ತೊದಲಿದರೆ, ನಡಿಗೆ ವಾಲಿದರೆ ರಾತ್ರಿಯಾದರೂ ಕೆಳಗಿಳಿಯಬೇಕು. ಬರೆಯುವುದಕ್ಕೆ ಗುಪ್ತಕಾಶಿ ಅಥವಾ ಊಖೀಮಠದ ಕಡೆ ಎರಡು ರಾತ್ರಿ ಉಳಿದು ಹೊರಡಿ. ಊಖೀಮಠ ಕೇದಾರನ ಚಳಿಗಾಲದ ನೆಲೆ. ಕೇದಾರ ದೇವಸ್ಥಾನದ ಪ್ರಧಾನ ಗುರುಗಳಾದ ರಾವಲರು ಪರಂಪರೆಯಿಂದ ನಮ್ಮ ಕಡೆಯ ವೀರಶೈವ ಜಂಗಮರೇ ಆದ್ದರಿಂದ ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಪಡಬೇಡಿ. ಬರವಣಿಗೆಯನ್ನು ಅಲ್ಲೇ ಮುಗಿಸಿಕೊಳ್ಳಿ, ಮೇಲೆ ಟಿಪ್ಪಣಿ ಸಾಕು.

ಪ್ರಶ್ನೆ: ಕುಮಾರ ಪರ್ವತದ ತುದಿಯಲ್ಲಿ ಒಬ್ಬನೇ ಟೆಂಟು ಹಾಕಿ ಒಂದು ರಾತ್ರಿ ಕಳೆಯಬಹುದೇ? (ಮೈಸೂರಿನಿಂದ)

ಉತ್ತರ: ಆಗದು, ಅನುಮತಿ ಇಲ್ಲ. ಚಾರಣಕ್ಕೂ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಹೆಸರು ಕಾಯ್ದಿರಿಸಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು, ದಿನಾಂಕ ನೋಡಿಕೊಂಡು ರಜೆ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಯಾವ ಬೋಳು ಬೆಟ್ಟ ಹತ್ತಿದರೂ ಮಧ್ಯಾಹ್ನದ ಗುಡುಗಿಗೆ ಮುಂಚೆ ತುದಿ ಬಿಟ್ಟಿರಬೇಕು. ರಾತ್ರಿಯೇ ಬೇಕೆಂದರೆ ತಪ್ಪಲಿನ ಮನೆವಾಸ್ತವ್ಯದಲ್ಲಿ ತೊರೆಗೆ ಹತ್ತಿರದ ಕೋಣೆ ಕೇಳಿ. ಮಳೆ ಹಿಡಿದ ತಿಂಗಳುಗಳಲ್ಲಿ ಅಲ್ಲಿ ಬೆಳಕು ಹರಿಯುವ ಮೊದಲೇ ವಿಸ್ಲಿಂಗ್ ಥ್ರಷ್ ಎಂಬ ಕಡುನೀಲಿ ಹಕ್ಕಿ ಶುರು ಮಾಡುತ್ತದೆ, ರಾಗ ಗೊತ್ತಿಲ್ಲದ ಹುಡುಗ ದಾರಿಯಲ್ಲಿ ಶಿಳ್ಳೆ ಹಾಕಿಕೊಂಡು ಹೋದ ಹಾಗೆ. ಕಿಟಕಿ ತೆರೆದಿಟ್ಟು ಮಲಗಿ.