ಅಮೆರಿಕದಲ್ಲಿ ಈಗ ಗಂಟೆ ಎಷ್ಟು?

ಬೇರೆ ದೇಶದ ಗಡಿಯಾರದ ಲೆಕ್ಕದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಅಮೆರಿಕ, ಯುರೋಪ್ ತಂಡಗಳ ಜೊತೆಗಿನ ಶಿಫ್ಟ್ ವೇಳಾಪಟ್ಟಿಯನ್ನು ಹಲವು ವರ್ಷ ನೋಡಿಕೊಂಡ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. 2026ರ ಮಾರ್ಚ್ 8, ಭಾನುವಾರ ಅಲ್ಲಿ ಮೊಮ್ಮಗನ ನಾಮಕರಣ ಇತ್ತು. ವಿಡಿಯೋ ಕಾಲ್‌ನಲ್ಲಾದರೂ ನೋಡೋಣ ಅಂತ ಕಾದಿದ್ದೆ. ಅವರಿಗೆ ಬೆಳಿಗ್ಗೆ 10 ಅಂದರೆ ನಮಗೆ ರಾತ್ರಿ ಎಂಟೂವರೆ. ಹತ್ತೂವರೆ ಗಂಟೆ ವ್ಯತ್ಯಾಸ ಅಂತ ಕ್ಯಾಲೆಂಡರ್ ಮೇಲೇ ಬರೆದಿಟ್ಟಿದ್ದೇನೆ. ಫೋನ್ ಚಾರ್ಜ್‌ಗೆ ಹಾಕಿ ಪಕ್ಕದ ಮನೆಗೆ ಹೋಗಿ ಬಂದೆ. ಅಷ್ಟರಲ್ಲಿ ಏಳು ಮಿಸ್ಡ್ ಕಾಲ್. ಎಂಟೂಕಾಲಿಗೆ ನಾನು ಫೋನ್ ಮಾಡಿದಾಗ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಆಗಿತ್ತು. ನಾನು ಎಲ್ಲಿ ತಪ್ಪಿದೆ?
— ಒಬ್ಬ ಅಜ್ಜಿ, ಶಿವಮೊಗ್ಗ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಸಂಕಟವಾಯಿತು. ನೀವು ಕೂಡಿದ್ದು ಸರಿಯಾಗಿಯೇ ಇತ್ತು. ಅದರ ಹಿಂದಿನ ದಿನ ನಾಮಕರಣ ಆಗಿದ್ದರೆ ನೀವು ಹೇಳಿದ ಹಾಗೆ ಎಂಟೂವರೆಗೇ ಶುರುವಾಗುತ್ತಿತ್ತು. ಆದರೆ ಅದೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಅಮೆರಿಕದವರು ತಮ್ಮ ಗಡಿಯಾರವನ್ನು 3ಕ್ಕೆ ತಿರುಗಿಸಿಬಿಟ್ಟರು. ಹಾಗಾಗಿ ಹತ್ತೂವರೆ ಗಂಟೆ ಇದ್ದ ವ್ಯತ್ಯಾಸ ಒಂಬತ್ತೂವರೆ ಆಯಿತು. ಅವರ ಬೆಳಗಿನ 10 ನಿಮಗೆ ಸಂಜೆ ಏಳೂವರೆಗೇ ಬಂದುಬಿಟ್ಟಿತು.

ಇದಕ್ಕೆ ಡೇಲೈಟ್ ಸೇವಿಂಗ್ ಅನ್ನುತ್ತಾರೆ. ನಮ್ಮಲ್ಲಿ ಇದು ಇಲ್ಲ, ಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ವ್ಯತ್ಯಾಸ ಅಷ್ಟೇ. ನ್ಯೂಯಾರ್ಕ್ ಕಡೆ ಹಾಗಲ್ಲ. ಜೂನ್‌ನಲ್ಲಿ ಹಗಲು ಸುಮಾರು 15 ಗಂಟೆ, ಡಿಸೆಂಬರ್‌ನಲ್ಲಿ ಒಂಬತ್ತೂಕಾಲು ಗಂಟೆ. ಬೇಸಿಗೆಯಲ್ಲಿ ಜನ ಏಳುವ ಮೊದಲೇ ಬಿಸಿಲು ಬಂದು ವ್ಯರ್ಥವಾಗುತ್ತದೆ ಅಂತ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ. ಆಗ ಕೆಲಸ ಮುಗಿಸಿ ಬಂದ ಮೇಲೂ ಬೆಳಕು ಉಳಿಯುತ್ತದೆ.

ಈಗಿನ ನಿಯಮ 2007ರಿಂದ ನಡೆಯುತ್ತಿದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್ ತಿಂಗಳ ಮೊದಲ ಭಾನುವಾರ ಹಿಂದಕ್ಕೆ. 2026ರಲ್ಲಿ ನವೆಂಬರ್ 1, 2027ರಲ್ಲಿ ಮಾರ್ಚ್ 14 ಮತ್ತು ನವೆಂಬರ್ 7. ಕ್ಯಾಲೆಂಡರ್ ಮೇಲೆ ‘ಹತ್ತೂವರೆ’ ಅಂತ ಬರೆದಿದ್ದೀರಲ್ಲ, ಅದನ್ನು ಅಳಿಸಿ ಈ ತಾರೀಕುಗಳನ್ನು ಬರೆದುಕೊಳ್ಳಿ. ರಾತ್ರಿ ಪಾಳಿಯ ಹುಡುಗ ಹುಡುಗಿಯರಿಗೆ ಇವು ಬಾಯಿಪಾಠ. ಮಾರ್ಚ್ ಮತ್ತು ನವೆಂಬರ್ ಬಂತು ಅಂದರೆ ಕ್ಯಾಬ್ ಬರುವ ಹೊತ್ತೇ ಬದಲಾಗುತ್ತದೆ. ಹಾಗಾಗಿ ಊಟ, ನಿದ್ದೆ ಎಲ್ಲ ಒಂದು ಗಂಟೆ ಆಚೀಚೆ. ನಾನು ಪಟ್ಟಿ ಹಾಕುತ್ತಿದ್ದಾಗ ಆ ಎರಡು ವಾರಗಳಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳುತ್ತಿದ್ದೆ.

ಇನ್ನು ಬಾಯಲ್ಲೇ ಲೆಕ್ಕ ಹಾಕಲು ಒಂದು ಸುಲಭ ದಾರಿ ಹೇಳುತ್ತೇನೆ. ಒಂಬತ್ತೂವರೆ, ಹತ್ತೂವರೆ ಅಂತ ಕೂಡುವುದು ಕಷ್ಟ. ಅದರ ಬದಲು ಮೊದಲು ಹಗಲು–ರಾತ್ರಿ ಅದಲು ಬದಲು ಮಾಡಿ. ಅವರ ಬೆಳಗಿನ 10 ನಮ್ಮ ರಾತ್ರಿ 10 ಅಂದುಕೊಳ್ಳಿ. ಆಮೇಲೆ ನ್ಯೂಜೆರ್ಸಿ, ನ್ಯೂಯಾರ್ಕ್ ಆದರೆ ಬೇಸಿಗೆಯಲ್ಲಿ ಎರಡೂವರೆ ಗಂಟೆ ಕಳೆಯಿರಿ, ಏಳೂವರೆ. ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಿರಿ, ಎಂಟೂವರೆ. ಡಲ್ಲಾಸ್, ಶಿಕಾಗೊ ಕಡೆಯವರಿಗೆ ಬೇಸಿಗೆಯಲ್ಲಿ ಒಂದೂವರೆ ಗಂಟೆ, ಚಳಿಗಾಲದಲ್ಲಿ ಅರ್ಧ ಗಂಟೆ ಕಳೆದರೆ ಸಾಕು. ಕ್ಯಾಲಿಫೋರ್ನಿಯಾಕ್ಕೆ ಕಳೆಯುವುದಲ್ಲ, ಕೂಡಬೇಕು. ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದೂವರೆ. ಇಲ್ಲಿ ಬೇಸಿಗೆ ಅಂದರೆ ನಮ್ಮ ಬೇಸಿಗೆ ಅಲ್ಲ, ಮಾರ್ಚ್‌ನಿಂದ ನವೆಂಬರ್‌ವರೆಗಿನ ಆ ಎಂಟು ತಿಂಗಳು.

ವಾರ ತಪ್ಪದ ಹಾಗೆ ನೋಡಿಕೊಳ್ಳಿ. ಅವರ ಶನಿವಾರ ರಾತ್ರಿ 9ನ್ನು ಅದಲು ಬದಲು ಮಾಡಿದರೆ ನಮ್ಮ ಭಾನುವಾರ ಬೆಳಿಗ್ಗೆ 9. ಅದರಲ್ಲಿ ಎರಡೂವರೆ ಕಳೆದರೆ ಆರೂವರೆ, ಕಾಫಿ ಹೊತ್ತು. ಆದರೆ ಅವರ ಶನಿವಾರ ಮಧ್ಯಾಹ್ನ 1 ಗಂಟೆ ಇದೆಯಲ್ಲ, ಅದು ಮೊದಲು ಭಾನುವಾರ ನಸುಕಿನ 1 ಆಗಿ, ಎರಡೂವರೆ ಕಳೆದಾಗ ಮತ್ತೆ ಶನಿವಾರ ರಾತ್ರಿ ಹತ್ತೂವರೆಗೆ ಬಂದು ನಿಲ್ಲುತ್ತದೆ.

ಮಗಳು ಮನೆ ಬದಲಿಸಿದರೂ ಒಮ್ಮೆ ಕೇಳಿ ನೋಡಿ. ಅರಿಜೋನಾದ ಬಹುಭಾಗ ಮತ್ತು ಹವಾಯಿಯಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲ. ಫೀನಿಕ್ಸ್‌ಗೆ ಹೋದರೆ ವರ್ಷವಿಡೀ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅದಕ್ಕೇ ಅಮೆರಿಕಕ್ಕೂ ನಮಗೂ ಎಷ್ಟು ಗಂಟೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಊರು ಯಾವುದು, ತಾರೀಕು ಯಾವುದು ಅಂತ ಕೇಳುತ್ತೇನೆ. ನಮ್ಮ ಗಡಿಯಾರ ಕದಲುವುದಿಲ್ಲ, ಕದಲುವುದು ಅವರದು. ಆದ್ದರಿಂದ ‘ನಿಮಗೆ ರಾತ್ರಿ ಇಷ್ಟು ಗಂಟೆಗೆ’ ಅಂತ ಮಗಳೇ ಭಾರತದ ಹೊತ್ತನ್ನೂ ಬರೆದು ಕಳಿಸಲಿ. ಅವಳ ಫೋನ್‌ನ ಗಡಿಯಾರದಲ್ಲಿ ನಮ್ಮ ಊರಿನ ಸಮಯ ಸೇರಿಸಿಕೊಂಡರೆ ಮುಗಿಯಿತು. ನಿಮ್ಮ ಫೋನ್‌ನಲ್ಲೂ ನ್ಯೂಯಾರ್ಕ್ ಸೇರಿಸಿ. ಅದು ಆಯಾ ದಿನದ ಬದಲಾವಣೆಯನ್ನು ತಾನೇ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಜುಲೈ 15ರಂದು ‘ಮಧ್ಯಾಹ್ನ 2, ಇಎಸ್‌ಟಿ’ ಅಂತ ಒಂದು ಕಂಪನಿಯಿಂದ ಸಂದರ್ಶನದ ಮೇಲ್ ಬಂದಿದೆ. ಒಂದು ವೆಬ್‌ಸೈಟ್ ರಾತ್ರಿ 11:30 ಅನ್ನುತ್ತದೆ, ಇನ್ನೊಂದು 12:30 ಅನ್ನುತ್ತದೆ. ಯಾವುದನ್ನು ನಂಬಲಿ?
— ಇಂಜಿನಿಯರಿಂಗ್ ಮುಗಿಸಿದವನು, ಹುಬ್ಬಳ್ಳಿ

ಉತ್ತರ: ಎರಡೂ ವೆಬ್‌ಸೈಟ್ ಸರಿಯೇ, ತಪ್ಪಿರುವುದು ಮೇಲ್‌ನಲ್ಲಿ. ಇಎಸ್‌ಟಿ ಅಂದರೆ ಅಮೆರಿಕದ ಪೂರ್ವ ಭಾಗದ ಚಳಿಗಾಲದ ಸಮಯ. ಜುಲೈನಲ್ಲಿ ಅಲ್ಲಿ ಇರುವುದು ಇಡಿಟಿ, ಅಂದರೆ ಬೇಸಿಗೆಯ ಸಮಯ. ಆದರೆ ಅಲ್ಲಿಯವರು ಅಭ್ಯಾಸಬಲದಿಂದ ವರ್ಷಪೂರ್ತಿ ಇಎಸ್‌ಟಿ ಅಂತಲೇ ಬರೆಯುತ್ತಾರೆ. ಅಕ್ಷರಶಃ ಲೆಕ್ಕ ಹಾಕಿದ ವೆಬ್‌ಸೈಟ್ ನಿಮಗೆ ಜುಲೈ 16ರ ನಸುಕಿನ 12:30 ಕೊಟ್ಟಿದೆ. ನ್ಯೂಯಾರ್ಕ್ ಗೋಡೆ ಗಡಿಯಾರ ನೋಡಿದ್ದು ಜುಲೈ 15ರ ರಾತ್ರಿ 11:30 ಕೊಟ್ಟಿದೆ. ಅವರ ಮನಸ್ಸಿನಲ್ಲಿ ಇರುವುದು ಬಹುಪಾಲು ಈ ಎರಡನೆಯದೇ. ಆದರೂ ಸುಮ್ನೆ ಊಹಿಸಬೇಡಿ. ‘ನ್ಯೂಯಾರ್ಕ್ ಸಮಯ ಮಧ್ಯಾಹ್ನ 2, ಭಾರತದಲ್ಲಿ ಜುಲೈ 15ರ ರಾತ್ರಿ 11:30, ಸರಿ ತಾನೇ?’ ಅಂತ ಒಂದು ಸಾಲು ಬರೆದು ಕೇಳಿ. ಇದಕ್ಕೆ ಸಂಕೋಚ ಬೇಡ. ಹೀಗೆ ಕೇಳುವ ಅಭ್ಯರ್ಥಿ ಅಂದರೆ ನನಗಂತೂ ಖುಷಿ.

ನೀವು ಬರೆಯುವಾಗಲೂ ಮೂರು ಅಕ್ಷರಗಳ ಬದಲು ಊರಿನ ಹೆಸರು ಬರೆಯಿರಿ. ನಾವು ಐಎಸ್‌ಟಿ ಅಂದರೆ ಭಾರತ ಅಂದುಕೊಳ್ಳುತ್ತೇವೆ. ಇಸ್ರೇಲ್‌ನವರಿಗೂ ಐರ್ಲೆಂಡ್‌ನವರಿಗೂ ಅದೇ ಮೂರು ಅಕ್ಷರ. ಸಿಎಸ್‌ಟಿ ಅಂದರೆ ಶಿಕಾಗೊ ಕೂಡ ಹೌದು, ಚೀನಾ ಕೂಡ ಹೌದು. ಕೆಲವು ಕ್ಯಾಲೆಂಡರ್ ಆ್ಯಪ್‌ಗಳ ಪಟ್ಟಿಯಲ್ಲಿ ಬೆಂಗಳೂರು ಸಿಗಲಿಲ್ಲ ಅಂದರೆ ಗಾಬರಿ ಬೇಡ. ಇಡೀ ಭಾರತಕ್ಕೆ ಅಲ್ಲಿ ಕೋಲ್ಕತ್ತಾ ಹೆಸರು ಇರುತ್ತದೆ, ಅದನ್ನೇ ಆರಿಸಿ.

ಲಂಡನ್ ಕಂಪನಿಗಳಿಗೂ ಅರ್ಜಿ ಹಾಕುವುದಾದರೆ ಇನ್ನೊಂದು ಮಾತು. ಅವರು ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಅಮೆರಿಕದ ದಿನ ಅಲ್ಲ. ಚಳಿಗಾಲದಲ್ಲಿ ಅವರು ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಚಳಿಗಾಲದ ಲೆಕ್ಕಕ್ಕೆ ಒಂದು ಚೆಂದದ ಉಪಾಯ ಇದೆ. ಅಂಕಿ ಇಲ್ಲದ ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗೆ ಹಿಡಿದರೆ ಲಂಡನ್ ಸಮಯ ಕಾಣುತ್ತದೆ. ನಮ್ಮ ಮಧ್ಯಾಹ್ನದ 3 ಗಂಟೆ ತಿರುಗಿಸಿದರೆ ಒಂಬತ್ತೂವರೆ. ಗಂಟೆಯ ಮುಳ್ಳು ಸ್ವಲ್ಪ ಆಚೀಚೆ ನಿಂತಂತೆ ಕಾಣುತ್ತದೆ, ಅಂದಾಜಿಗೆ ಸಾಕು.

ಪ್ರಶ್ನೆ: ಯಜಮಾನರು ದುಬೈಯಲ್ಲಿದ್ದಾರೆ. ಟಿಕೆಟ್‌ನಲ್ಲಿ ಮಂಗಳೂರು ಬಿಡುವುದು 8:30, ದುಬೈ ತಲುಪುವುದು 10:45 ಅಂತ ಇದೆ. ಎರಡೂಕಾಲು ಗಂಟೆಯಲ್ಲಿ ಹೋಗಿಬಿಡುತ್ತದಾ?
— ಒಬ್ಬ ಗೃಹಿಣಿ, ಸುರತ್ಕಲ್

ಉತ್ತರ: ಇಲ್ಲಮ್ಮ. ಟಿಕೆಟ್‌ನಲ್ಲಿ ಹೊರಡುವುದು ಹೊರಡುವ ಊರಿನ ಗಡಿಯಾರದಲ್ಲಿ, ತಲುಪುವುದು ತಲುಪುವ ಊರಿನ ಗಡಿಯಾರದಲ್ಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ಸೇರಿಸಿದರೆ ಪ್ರಯಾಣ ಮೂರೂಮುಕ್ಕಾಲು ಗಂಟೆ. ಒಮಾನ್‌ಗೂ ಒಂದೂವರೆ. ಸೌದಿ, ಕುವೈತ್, ಕತಾರ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ಈ ಯಾವ ದೇಶದಲ್ಲೂ ಗಡಿಯಾರ ತಿರುಗಿಸುವ ಗೊಡವೆ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಟಿಕೆಟ್‌ನಲ್ಲಿ 14ನೇ ತಾರೀಕು ರಾತ್ರಿ 12:15 ಅಂತ ಇದ್ದರೆ 13ರ ರಾತ್ರಿಯೇ ಊಟ ಮುಗಿಸಿ ಏರ್‌ಪೋರ್ಟ್‌ಗೆ ಹೊರಡಬೇಕು. ನಮ್ಮ ಮನೆಯವರೊಬ್ಬರು 14ರ ರಾತ್ರಿ ಹೋಗಿ ಖಾಲಿ ಕೈಯಲ್ಲಿ ವಾಪಸ್ ಬಂದಿದ್ದಾರೆ. ಆ ದಿನ ಅವರ ಮುಖ ನೋಡಲಾಗಲಿಲ್ಲ.

ಪ್ರಶ್ನೆ: ನನ್ನ ಅಣ್ಣನಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಅಕ್ಟೋಬರ್ 18ರ ಭಾನುವಾರ ರಾತ್ರಿ 9:10ಕ್ಕೆ ಮಗಳು ಹುಟ್ಟುತ್ತಾಳೆ ಅಂದುಕೊಳ್ಳಿ, ಹೆರಿಗೆ ಆ ದಿನಗಳಲ್ಲೇ ಇದೆ. ಜಾತಕ ಬರೆಸಲು ಭಟ್ಟರಿಗೆ ಯಾವ ಹೊತ್ತು ಹೇಳಬೇಕು? ನಮ್ಮ ತಂದೆಯ ಜಾತಕದಲ್ಲೂ ಒಂದು ಗೊಂದಲ ಇದೆ. ಅವರು 1943ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಕಂಪ್ಯೂಟರ್ ಕೊಡುವ ಲಗ್ನ ಹಳೇ ಜಾತಕಕ್ಕೆ ಹೊಂದುತ್ತಿಲ್ಲ.
— ಒಬ್ಬ ಓದುಗರು, ಮೈಸೂರು

ಉತ್ತರ: ಜಾತಕದ ಫಲ ನನ್ನ ವಿಷಯ ಅಲ್ಲ, ಗಡಿಯಾರದ ಭಾಗವನ್ನಷ್ಟೇ ಹೇಳುತ್ತೇನೆ. ಭಟ್ಟರಿಗೆ ಅಲ್ಲಿಯ ಊರು, ಅಲ್ಲಿಯ ತಾರೀಕು, ಅಲ್ಲಿಯ ಹೊತ್ತು ಹೇಳಿ. ಜೊತೆಗೆ ‘ಆ ದಿನ ಗಡಿಯಾರ ಒಂದು ಗಂಟೆ ಮುಂದೆ ಇತ್ತು’ ಅಂತ ಸೇರಿಸಿ. ನೀವಾಗಿಯೇ ಭಾರತದ ಸಮಯಕ್ಕೆ ತಿರುಗಿಸಿ ಬರೀ ಅದನ್ನು ಮಾತ್ರ ಕೊಡಬೇಡಿ.

ಯಾಕೆ ಅಂದರೆ, ಅಲ್ಲಿಯ ಭಾನುವಾರ ರಾತ್ರಿ 9:10 ನಮಗೆ ಸೋಮವಾರ ಬೆಳಿಗ್ಗೆ 9:40. ಚಂದ್ರ ಒಂದು ನಕ್ಷತ್ರ ದಾಟಿ ಇನ್ನೊಂದಕ್ಕೆ ಹೋಗುವ ಕ್ಷಣ ಪಂಚಾಂಗದ ಪ್ರಕಾರ ಇಡೀ ಭೂಮಿಗೆ ಒಂದೇ. ಹಾಗಾಗಿ ನಮ್ಮ ಪಂಚಾಂಗದಲ್ಲಿ ಸೋಮವಾರ 9:40ಕ್ಕೆ ಇರುವ ನಕ್ಷತ್ರವೇ ಮಗುವಿನದು. ಲಗ್ನ ಹಾಗಲ್ಲ. ಅದು ಹುಟ್ಟಿದ ಊರಿನ ಪೂರ್ವ ದಿಕ್ಕಿನಲ್ಲಿ ಆಗ ಉದಯಿಸುತ್ತಿರುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಫ್ರೀಮಾಂಟ್ ಇಟ್ಟುಕೊಂಡೇ ಲೆಕ್ಕ ಹಾಕಬೇಕು. ವಾರವೂ ಅಲ್ಲಿಯದೇ, ಭಾನುವಾರ. ಏಕಾದಶಿಯ ಗೊಂದಲವೂ ಇದೇ ಕಾರಣದಿಂದ. ತಿಥಿ ಮುಗಿಯುವ ಕ್ಷಣ ಒಂದೇ, ಆದರೆ ಸೂರ್ಯೋದಯ ಊರೂರಿಗೆ ಬೇರೆ. ಅದಕ್ಕೇ ಅಣ್ಣನ ಮನೆಯ ಉಪವಾಸ ಕೆಲವೊಮ್ಮೆ ನಿಮ್ಮದಕ್ಕಿಂತ ಒಂದು ತಾರೀಕು ಹಿಂದಿರುತ್ತದೆ.

ತಂದೆಯವರ ಜಾತಕಕ್ಕೆ ಬಂದರೆ, ನಮ್ಮ ದೇಶದ ಗಡಿಯಾರವೂ ಒಂದು ಕಾಲದಲ್ಲಿ ಕದಲಿತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ಭಾರತದ ಸಮಯವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆಗ ಯಾರಾದರೂ ಗಡಿಯಾರ ನೋಡಿ ಬೆಳಿಗ್ಗೆ 7:10 ಅಂತ ಬರೆದಿದ್ದರೆ ಈಗಿನ ಲೆಕ್ಕದಲ್ಲಿ ಅದು 6:10. ಕೆಲವು ಸಾಫ್ಟ್‌ವೇರ್ ಇದನ್ನು ತಾನೇ ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ಮನೆಯಲ್ಲಿ ಹಳೇ ಓಲೆಯೋ ಕಾಗದವೋ ಇದ್ದರೆ ಹುಡುಕಿ ನೋಡಿ. ಹೊತ್ತನ್ನು ಗಂಟೆಯಲ್ಲಿ ಬರೆಯದೆ ‘ಸೂರ್ಯೋದಯದಿಂದ ಇಷ್ಟು ಘಳಿಗೆ’ ಅಂತ ಬರೆದಿದ್ದರೆ ಯಾವುದನ್ನೂ ಕಳೆಯಬೇಕಿಲ್ಲ. ಒಂದು ಘಳಿಗೆಗೆ 24 ನಿಮಿಷದಂತೆ ಆ ದಿನದ ಮೈಸೂರಿನ ಸೂರ್ಯೋದಯಕ್ಕೆ ಕೂಡಿದರೆ ಸರಿಯಾದ ಹೊತ್ತು ಸಿಗುತ್ತದೆ.